ಕಮಂಡಲದ ಗಿಡ

ನಮ್ಮ ಅಡಿಗೆಮನೆಯ ಗೋಡೆಗೆ ಮೂರು ಮೊಳೆ, ಮೊಳೆಗೊಂದರಂತೆ ಮೂರು ಸೋಸುವ ಬಟ್ಟೆ. ದೊಡ್ಡದು ಕೊಡಕ್ಕೆ, ನಡುವಿನದು ತಂಬಿಗೆಗೆ. ಮೂರನೆಯದು ನನ್ನ ಅಂಗೈಗಿಂತ ಚಿಕ್ಕದು, ಅಂಚಿಗೆ ಕೆಂಪು ದಾರದ ಹೊಲಿಗೆ ಬೇರೆ. ಮನೆಗೆ ಬಂದ ಹೆಂಗಸರ ಕಣ್ಣು ಮೊದಲು ಅದರ ಮೇಲೆಯೇ ಬೀಳುತ್ತದೆ. "ಚಹಾ ಸೋಸಾಕೇನ್ರಿ ಇದು?" ಎನ್ನುತ್ತಾರೆ. ಕೂಸಿನ ಕರವಸ್ತ್ರವೇ ಎಂದು ಕೇಳಿದವರೂ ಇದ್ದಾರೆ, ನಮ್ಮ ಮನೆಯಲ್ಲಿ ಕೂಸು ಇಲ್ಲದೆ ಹದಿನೈದು ವರ್ಷವಾಯಿತು. ನಾನು ನಕ್ಕು ಸುಮ್ಮನಾಗುತ್ತೇನೆ. ನಿಜ ಹೇಳಲು ಹೊರಟರೆ ಕೈಯಲ್ಲಿನ ಚಹಾ ಆರಿಹೋಗುತ್ತದೆ. ನಿಮಗಾದರೆ ಹೇಳಬಹುದು. ನಿಮ್ಮ ಕೈಯಲ್ಲೂ ಚಹಾ ಇದ್ದರೆ ಮೊದಲು ಕುಡಿದುಬಿಡಿ.

ನಾವು ಜೈನರು. ಸೋಸದ ನೀರು ನಮ್ಮಲ್ಲಿ ಬಾಯಿಗೆ ಹೋಗುವಂತಿಲ್ಲ. ಸೋಸಿದರೆ ಕೆಲಸ ಮುಗಿಯಿತು ಎನ್ನುವಂತೆಯೂ ಇಲ್ಲ. ಬಟ್ಟೆಯ ಮೇಲೆ ಉಳಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಮರಳಬೇಕು. ಅದಕ್ಕೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಹೊಯ್ದು, ಯಾವ ನೀರಿನಿಂದ ತೆಗೆದದ್ದೋ ಅದೇ ನೀರಿಗೆ ಬಿಡಬೇಕು. ಗಡಹಿಂಗ್ಲಜದ ನನ್ನ ತವರಿನಲ್ಲಿ ಅಜ್ಜಿ ಆ ತೊಳೆದ ನೀರನ್ನು ಸಣ್ಣ ಬಕೆಟ್ಟಿನಲ್ಲಿಟ್ಟು ಬಾವಿಯ ನೀರು ಮುಟ್ಟುವವರೆಗೆ ಹಗ್ಗದಿಂದ ಇಳಿಸಿ, ಮೆಲ್ಲಗೆ ಬಗ್ಗಿಸುತ್ತಿದ್ದಳು. ಮೇಲಿನಿಂದ ಸುರಿದರೆ ಜೀವಕ್ಕೆ ಪೆಟ್ಟಾಗುತ್ತದೆಂದು ಅವಳ ಕಾಳಜಿ. "ಅವಕ್ಕ ತಮ್ಮ ಮನಿ ಯಾವುದಂತ ಗೊತ್ತಾಗ್ತೈತೇನ ಆಯಿ?" ಎಂದು ನಾನು ಒಮ್ಮೆ ಕೇಳಿ ತೊಡೆಗೆ ಚಿವುಟಿಸಿಕೊಂಡಿದ್ದೆ. ಬೆಲ್ಲದ ಪೆಂಟೆಗೆ ಇರುವೆ ಹತ್ತಿದರೆ ಅಜ್ಜಿ ಝಾಡಿಸುತ್ತಿರಲಿಲ್ಲ. ಅದರ ಪಕ್ಕಕ್ಕೆ ಬೇರೆ ಬೆಲ್ಲದ ಚೂರು ಇಟ್ಟು, ಇರುವೆಗಳು ಅತ್ತ ಹೊರಳುವವರೆಗೂ ಕಾಯುತ್ತಿದ್ದಳು. ಹೀಗಾಗಿ ಹಬ್ಬದ ದಿನ ನಮ್ಮ ಮನೆಯ ಹೋಳಿಗೆ ಮೂರು ಗಂಟೆಗೆ ಮುಂಚೆ ಎಲೆಗೆ ಬಿದ್ದದ್ದು ನನಗೆ ನೆನಪಿಲ್ಲ.

ಇಂಥ ಮನೆಯ ಹುಡುಗಿ ಮುಂದೆ ಜೀವಶಾಸ್ತ್ರದ ಟೀಚರಾದಳು ನೋಡಿ. ಯಡ್ರಾವಕ್ಕೆ ಸೊಸೆಯಾಗಿ ಬಂದು, ಇಚಲಕರಂಜಿಯ ಒಂದು ಮರಾಠಿ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಕೀಟ ತಿನ್ನುವ ಗಿಡಗಳ ಪಾಠ ಮಾಡುತ್ತಿದ್ದೇನೆ. ಮಕ್ಕಳು ಘಟಪರ್ಣಿ ಎನ್ನುವ, ನಾವು ಹೂಜಿಗಿಡ ಎನ್ನುವ ಆ ಗಿಡವನ್ನು ನಾನು ಕಣ್ಣಾರೆ ಕಂಡಿರಲೇ ಇಲ್ಲ. ಇದ್ದದ್ದು ಒಂದು ಗೋಡೆಪಟ. ಅದರಲ್ಲಿನ ಹೂಜಿಯ ಮುಚ್ಚಳವನ್ನೂ ಅರ್ಧ ಹೊಟ್ಟೆಯನ್ನೂ ಬೆಳ್ಳಿಹುಳ ತಿಂದು ಹಾಕಿತ್ತು. ಕೀಟ ತಿನ್ನುವ ಗಿಡವನ್ನು ಕೀಟವೇ ತಿಂದ ಆ ಪಟವನ್ನು ತೋರಿಸುತ್ತ ನಾನು ಗಂಭೀರವಾಗಿ ಪಾಠ ಮಾಡುತ್ತಿದ್ದೆ. ಮಕ್ಕಳು ಅಷ್ಟೇ ಗಂಭೀರವಾಗಿ ನಗುತ್ತಿದ್ದರು.

ನಮ್ಮವರಿಗೆ ಎಂಟು ಮಗ್ಗಗಳ ಶೆಡ್ಡು ಇದೆ. ಹೋದ ವರ್ಷ ಮಳೆಗಾಲ ಶುರುವಾಗುವ ಮುಂಚೆ ಮಗ್ಗದ ಹಲ್ಲುಗಾಲಿ ಎರಕ ಹಾಕಿಸಿಕೊಂಡು ಬರುತ್ತೇನೆಂದು ಗೋಕುಳ ಶಿರಗಾಂವಿಗೆ ಹೋದರು. ಸಂಜೆ ಮರಳಿ ಬಂದಾಗ ಕೈಯಲ್ಲಿ ಗಾಲಿ ಇರಲಿಲ್ಲ, ಒಂದು ತೂಗುಕುಂಡ ಇತ್ತು.

"ಗಾಲಿ ಎಲ್ಲೈತ್ರಿ?" ಎಂದೆ.

"ನರ್ಸರಿಯಾಗ ಮರತು ಬಂದೇನಿ. ನಾಳೆ ತರತೇನಿ. ನೀ ಮೊದಲ ಇದನ್ನ ನೋಡು. ಇಪ್ಪತ್ತ ವರ್ಷಾತು ಇದರ ಚಿತ್ರ ಹಿಡಕೊಂಡು ಒದರಾಕತ್ತಿ. ತಗೋ, ಖರೇದs ತಂದೇನಿ."

ಮದುವೆಯಾದಂದಿನಿಂದ ಅವರು ನನಗೆ ತಂದ ವಸ್ತುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ಆ ಕುಂಡವನ್ನೇ ತೋರಿಸುತ್ತೇನೆ. ಅಂದು ಅದರಲ್ಲಿ ನಾಲ್ಕಾರು ಉದ್ದ ಎಲೆ, ಒಣಗಿ ಕಂದಿದ ಎರಡು ಹೂಜಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ನನಗೆ ಕುಣಿಯಬೇಕೆನ್ನಿಸಿತು. ಹೊರಜಗುಲಿಯಲ್ಲಿ ತೂಗುಹಾಕಿದೆ.

ಈಗ ನಮ್ಮ ಅತ್ತೆಯ ಪರಿಚಯವಾಗಬೇಕು. ಚಂಪಾಬಾಯಿ ಎಂದು ಹೆಸರು, ಎಪ್ಪತ್ತು ದಾಟಿದೆ. ಹೊತ್ತು ಮುಳುಗಿದ ಮೇಲೆ ಒಂದು ಕಾಳನ್ನೂ ಮುಟ್ಟುವವರಲ್ಲ. ಚಾತುರ್ಮಾಸ ಬಂತೆಂದರೆ ವರ್ಷಕ್ಕೊಂದು ಹೊಸ ಪದಾರ್ಥ ಬಿಡುತ್ತಾರೆ, ಒಮ್ಮೆ ಬೆಲ್ಲ, ಒಮ್ಮೆ ಮೊಸರು. ಕಿತ್ತರೆ ನೆಲದ ಜೀವಗಳಿಗೆ ನೋವೆಂದು ಆಲೂಗಡ್ಡೆಯಂತೂ ಆ ನಾಲ್ಕು ತಿಂಗಳು ನಮ್ಮ ಹೊಸ್ತಿಲು ದಾಟುವುದಿಲ್ಲ. (ಬುಧವಾರ ಕೊನೆಯ ತಾಸು ನನಗೆ ಖಾಲಿ, ಶಾಲೆಯ ಹಿಂದಿನ ಗಾಡಿಯಲ್ಲಿ ಬಿಸಿಬಿಸಿ ಬಟಾಟೆ ವಡೆ ಸಿಗುತ್ತದೆ, ಅದೇ ಆಲೂಗಡ್ಡೆಯದು. ಇದು ನಿಮಗೆ ಮಾತ್ರ ಹೇಳಿದ್ದು.) ಅವರ ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಬಾಕಿ. ಕಣ್ಣು ಮಂದವಾದರೂ ಮನೆಯಲ್ಲಿ ಏನೇ ಹೊಸದು ಬಂದರೂ ಮೊದಲು ಅವರಿಗೇ ಗೊತ್ತಾಗುತ್ತದೆ.

ಮಳೆ ಹಿಡಿಯಿತು, ಗಾಳಿಯಲ್ಲಿ ತೇವ ತುಂಬಿತು, ಗಿಡ ಕಣ್ಣು ಬಿಟ್ಟಿತು. ಎಲೆಯ ನಡುನರ ಎಲೆಯ ತುದಿಯನ್ನು ದಾಟಿ ಸೌತೆಬಳ್ಳಿಯ ಕುಡಿಯಂತೆ ಹೊರಗೆ ಚಾಚಿಕೊಂಡಿತು. ಆ ಕುಡಿ ಕೆಳಗಿಳಿದು, ತುದಿಯಲ್ಲಿ ಮತ್ತೆ ಮೇಲಕ್ಕೆ ಮುಖಮಾಡಿ, ಜೋಳದ ಕಾಳಿನಷ್ಟು ದಪ್ಪವಾಯಿತು. ಮೊದಲು ಚಪ್ಪಟೆಯಾಗಿದ್ದದ್ದು ದಿನದಿಂದ ದಿನಕ್ಕೆ ಉಬ್ಬುತ್ತ ಬಂತು. ಮುಚ್ಚಳ ಮಾತ್ರ ಬಿಗಿಯಾಗಿ ಅಂಟಿಕೊಂಡಿತ್ತು. ಹೆಬ್ಬೆರಳಿನಷ್ಟಾದಾಗ ಬೆಳಕಿಗೆ ಹಿಡಿದು ನೋಡಿದೆ, ಮುಚ್ಚಿದ ಹೂಜಿಯ ಒಳಗೆ ಆಗಲೇ ನೀರು ನಿಂತಿತ್ತು! ಮಳೆಯದಲ್ಲ, ಗಿಡವೇ ಒಳಗೊಳಗೆ ಒಸರಿದ್ದು. ಆಮೇಲೊಂದು ಮುಂಜಾನೆ ಮುಚ್ಚಳ ತೆರೆದುಕೊಂಡಿತು. ನಾಲ್ಕೈದು ದಿನದಲ್ಲಿ ಬಾಯಿಯ ಅಂಚು ಹೊರಕ್ಕೆ ಹೊರಳಿ ಕೆಂಪಗೆ ಮಿಂಚತೊಡಗಿತು.

ಅತ್ತೆ ದಿನವೂ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಮುಚ್ಚಳ ತೆರೆದ ದಿನ ಎರಡೂ ಕೈ ಮುಗಿದುಬಿಟ್ಟರು.

"ಸುನೀತಾ, ಇದು ಕಮಂಡಲ ಐತಲ್ಲs! ಮುನಿ ಮಹಾರಾಜರ ಕೈಯಾಗಿನ ಕಮಂಡಲ! ನೋಡು, ಮುಚ್ಚಳ ಐತಿ, ಹೊಟ್ಟಿ ಐತಿ, ಯಾರೂ ಹಾಕದ ನೀರು ಐತಿ."

ನಮ್ಮ ಮುನಿಗಳ ಬಳಿ ಇರುವ ವಸ್ತುಗಳೇ ಬೆರಳೆಣಿಕೆಯಷ್ಟು. ಶುದ್ಧಿಯ ನೀರಿಗೆ ಕಮಂಡಲ, ಕೂರುವ ಜಾಗದಲ್ಲಿನ ಇರುವೆಗೂ ನೋವಾಗದಂತೆ ಗುಡಿಸಲು ನವಿಲುಗರಿಯ ಪಿಂಛಿ. ಆ ಕಮಂಡಲವನ್ನೇ ಎದುರಿಗೆ ಕಂಡಂತೆ ಅತ್ತೆಯ ಮುಖ ಅರಳಿತ್ತು. ಆಮೇಲೆ ಕೇಳಿದರು, "ಈ ನೀರು ಗಿಡಕ್ಕ ಯಾತಕ್ಕ ಬೇಕವಾ?"

ಓದುಗರೇ, ಅದೇ ದಿನ ಬೆಳಿಗ್ಗೆ ಒಂಬತ್ತನೆಯ ತರಗತಿಗೆ ಇದಕ್ಕೆ ಪೂರ್ತಿ ಉತ್ತರ ಕೊಟ್ಟು ಬಂದಿದ್ದೆ. ಮುಚ್ಚಳದ ಅಡಿಗೂ ಬಾಯಿಯ ಅಂಚಿಗೂ ಸಿಹಿರಸ ಒಸರುತ್ತದೆ, ಇರುವೆ ಆಸೆಯಿಂದ ಬರುತ್ತದೆ. ಅಂಚು ಒದ್ದೆಯಾದಾಗ ಬಚ್ಚಲಿನ ಕಲ್ಲಿನಂತೆ ಜಾರುತ್ತದೆ. ಒಳಗೋಡೆಗೆ ಮೇಣ ಬಳಿದಿರುವುದರಿಂದ ಕಾಲು ಹಿಡಿಯುವುದಿಲ್ಲ. ಕೆಳಗಿನ ನೀರಿನಲ್ಲಿ ನಮ್ಮ ಜಠರದಲ್ಲಿರುವಂಥ ರಸವಿದೆ, ಬಿದ್ದ ಕೀಟ ಕರಗಿ ಚಿಪ್ಪು ಮಾತ್ರ ಉಳಿಯುತ್ತದೆ. ಸತ್ವವಿಲ್ಲದ ಮಣ್ಣಿನಲ್ಲಿ ಬೆಳೆಯುವ ಗಿಡ ಪಾಪ, ಸಾರಜನಕಕ್ಕೆ ಇಷ್ಟೆಲ್ಲ ಮಾಡುತ್ತದೆ. ಹೀಗೆ ಕೈ ಬಾಯಿ ತಿರುಗಿಸಿ ಪಾಠ ಮಾಡಿದವಳು ಸಂಜೆ ಅತ್ತೆಯ ಎದುರು ಹೇಳಿದ್ದೇನು?

"ಮಣ್ಣಿನಾಗ ಸತ್ವ ಇರೂದಿಲ್ಲಲ್ರಿ ಅತ್ಯಾ, ಅದಕ್ಕ ಈ ನೀರು ಬೇಕಾಗ್ತೈತಿ."

ಒಂದು ಶಬ್ದವೂ ಸುಳ್ಳಲ್ಲ. ಆದರೆ ಹೇಳಬೇಕಾದದ್ದೆಲ್ಲ ಬಿಟ್ಟುಹೋಗಿತ್ತು. ನಿಜ ಹೇಳಿದರೆ ಗಿಡ ಆ ಕ್ಷಣವೇ ಮನೆ ಬಿಡಬೇಕಾಗುತ್ತಿತ್ತು, ಇಪ್ಪತ್ತು ವರ್ಷ ಕಾದು ಪಡೆದದ್ದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ನನ್ನ ಸ್ವಾರ್ಥ, ಮತ್ತೇನಲ್ಲ.

ಅದರ ಫಲ ಕೂಡಲೇ ಸಿಕ್ಕಿತು. ಗಿಡ ಜಗುಲಿಯಿಂದ ದೇವರ ಕೋಣೆಯ ಕಿಟಕಿಗೆ ಬಂತು. ಓಣಿಯ ಶ್ರಾವಿಕೆಯರು ಬಸ್ತಿಯಲ್ಲಿ ಜಿನಪೂಜೆ ಮುಗಿಸಿ ಬರುವಾಗ ಗಿಡದ ದರ್ಶನಕ್ಕೆ ಬರತೊಡಗಿದರು. "ಭಾಳ ಪುಣ್ಯಾ ಮಾಡೀರಿ ಚಂಪಾಬಾಯಿ, ಕಮಂಡಲದ ಗಿಡ ಯಾರ ಮನ್ಯಾಗ ಇರತೈತ್ರಿ?" ಎಂದರೆ ಅತ್ತೆ ಹಿಗ್ಗಿ ಎಲ್ಲರಿಗೂ ಸಕ್ಕರೆ ಕೊಡುತ್ತಿದ್ದರು. ಆ ಸಕ್ಕರೆಗೆ ಇರುವೆ ಬರುತ್ತಿದ್ದವು. ಬಂದ ಇರುವೆಗಳು ಎಲ್ಲಿಗೆ ಹೋಗುತ್ತಿದ್ದವೆಂದು ನನಗೆ ಗೊತ್ತಿತ್ತು. ನಾನು ಕಿಟಕಿಯ ಕಡೆ ನೋಡುವುದನ್ನೇ ಬಿಟ್ಟೆ. ಶಾಲೆಗೆ ಒಯ್ದು ತೋರಿಸುತ್ತೇನೆಂದರೆ ಅತ್ತೆ, "ಬ್ಯಾಡವಾ, ಹುಡುಗರು ಕೈ ಹಚ್ಚತಾರ" ಎಂದು ಬಿಡಲಿಲ್ಲ. ನಿಜವಾದ ಗಿಡ ಮನೆಯಲ್ಲಿದ್ದರೂ ನಾನು ಹುಳ ತಿಂದ ಪಟವನ್ನೇ ತೋರಿಸುತ್ತ ಕುಳಿತೆ.

ಗಿಡಕ್ಕಾದರೂ ಸುಗ್ಗಿ. ಈ ಗಿಡಕ್ಕೆ ನಲ್ಲಿಯ ನೀರು ಆಗುವುದಿಲ್ಲ, ಮಳೆನೀರೇ ಬೇಕು. ಅತ್ತೆ ನಾನು ಹೇಳುವ ಮೊದಲೇ ಮಾಳಿಗೆಯ ಮೇಲೆ ಪಾತ್ರೆ ಇಟ್ಟು ಮಳೆನೀರು ಹಿಡಿದು, ಸೋಸಿ, ಹೊತ್ತುಹೊತ್ತಿಗೆ ಹಾಕುತ್ತಿದ್ದರು. ಶ್ರಾವಣ ಮುಗಿಯುವುದರೊಳಗೆ ಏಳು ಕಮಂಡಲಗಳು ತೂಗಾಡಿದವು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ, ದಿನಕ್ಕೊಂದು ಧರ್ಮ. ಮೂರನೆಯ ದಿನ ಉತ್ತಮ ಆರ್ಜವ, ಅಂದರೆ ಒಳಗೊಂದು ಹೊರಗೊಂದು ಇಲ್ಲದಿರುವುದು. ಅಂದು ಭಾನುವಾರ. ಅತ್ತೆ ಬಸ್ತಿಯಲ್ಲಿ ಪ್ರವಚನ ಕೇಳಿ ಬಂದು ದೇವರ ಕೋಣೆಗೆ ಹೋದರು. ನಾನು ಹೂ ತೆಗೆದುಕೊಂಡು ಹಿಂದೆಯೇ ಹೋದೆ. ನೋಡುತ್ತೇನೆ, ಅತ್ತೆ ಒಂದು ಹೂಜಿಯನ್ನು ಕೂಸಿನ ತಲೆ ಹಿಡಿದಂತೆ ಹಿಡಿದು, ಅದರ ನೀರನ್ನು ಚಿಕ್ಕ ಬಟ್ಟೆಯೊಂದರ ಮೇಲೆ ವಾಟಿ ಬಟ್ಟಲಿಗೆ ಬಗ್ಗಿಸುತ್ತಿದ್ದಾರೆ!

"ಏನ್ ಮಾಡಾಕತ್ತೀರಿ ಅತ್ಯಾ?"

"ನೀರು ಸೋಸಾಕತ್ತೇನಿ. ಕಮಂಡಲದಾಗ ಸೋಸದ ನೀರು ಇರಬಾರದಲ್ಲವಾ. ನೀ ಸಾಲಿಗೆ ಹೋದ ಮ್ಯಾಲ ದಿನಾ ಮಾಡ್ತೇನಿ, ತಿಂಗಳಾತು. ಈ ಅರಿವಿ ಅದಕ್ಕಂತನs ಹೊಲದೇನಿ." ಬಟ್ಟೆಯನ್ನು ಬೆಳಕಿಗೆ ಹಿಡಿದರು. "ಭಾಳ ಕಸ ಬೀಳತೈತಿ ಇದರಾಗ. ಕರೇ ಕರೇ ಕಸ. ಜೀವ ಇದ್ದೀತಂತ ಚೆಲ್ಲೂದಿಲ್ಲ ನಾ."

ಹಾಗೆಂದು, ಶಾಸ್ತ್ರ ತಪ್ಪದಂತೆ, ಬಟ್ಟೆಯನ್ನು ಮಗುಚಿ ಸೋಸಿದ ನೀರು ಹೊಯ್ದು, ಆ ಕರಿಯ ಕಸವನ್ನು ಬಂದಲ್ಲಿಗೇ, ಹೂಜಿಯ ಒಳಕ್ಕೇ, ಒಂದೂ ಉಳಿಯದಂತೆ ತೊಳೆದು ಬಿಟ್ಟರು. ಅದರಲ್ಲಿ ಒಂದು ಇರುವೆ ಇನ್ನೂ ಕಾಲಾಡಿಸುತ್ತಿತ್ತು.

ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಇರುವೆಗೆ ನೋವಾಗಬಾರದೆಂದು ಬದುಕೆಲ್ಲ ನೆಲ ನೋಡಿ ನಡೆದ ಮುದುಕಿಯ ಕೈಯಿಂದ ನಾನು ಒಂದು ತಿಂಗಳು ಎಂಥ ಕೆಲಸ ಮಾಡಿಸಿದ್ದೆ! ಆಗಲೂ ಸುಮ್ಮನಿರಬಹುದಿತ್ತು, ಆ ಕಣ್ಣಿಗೆ ಅದು ಎಂದೂ ಕಾಣುತ್ತಿರಲಿಲ್ಲ. ಆದರೆ ಆಗಲಿಲ್ಲ. ಸಿಹಿರಸ, ಜಾರುವ ಅಂಚು, ಮೇಣ, ಕರಗಿಸುವ ನೀರು, ಎಲ್ಲವನ್ನೂ ಒಂಬತ್ತನೆಯ ತರಗತಿಗೆ ಹೇಳಿದಂತೆಯೇ ಹೇಳಿದೆ. ಮೊದಲಿನಿಂದಲೂ ನನಗೆ ಗೊತ್ತಿತ್ತೆಂಬುದನ್ನೂ ಹೇಳಿದೆ.

ಅತ್ತೆ ವಾಟಿಯನ್ನು ಕೆಳಗಿಟ್ಟರು. "ಒಂದು ಇಂದ್ರಿಯದ ಗಿಡ ಮೂರು ಇಂದ್ರಿಯದ ಇರುವಿನ ತಿಂತೈತಿ?" ಎಂದರು. ಅವರು ಸಣ್ಣವರಿದ್ದಾಗ ಕಲಿತ ಪಾಠದಲ್ಲಿ ಗಿಡಕ್ಕೆ ಸ್ಪರ್ಶವೊಂದೇ, ಇರುವೆಗೆ ರುಚಿ ವಾಸನೆಗಳೂ ಇದ್ದು ಅದು ಎರಡು ಮೆಟ್ಟಿಲು ಮೇಲೆ. "ಮತ್ತ ನಾ ಅವನ್ನ ತಿರುಗಿ ಅದರಾಗs ಹಾಕೇನಿ, ಹೌದಿಲ್ಲೋ?"

"ಹೌದ್ರಿ" ಎಂದೆ.

ಅತ್ತೆ ಮರುದಿನ ಉಪವಾಸ ಮಾಡಿದರು. ಬೈಯಲಿಲ್ಲ, ಅದೇ ಕಷ್ಟವಾದದ್ದು. ಪರ್ವ ಮುಗಿಯುವವರೆಗೂ ನನ್ನೊಡನೆ ಮಾತೆಂದರೆ "ಸೇರು ಎಲ್ಲೈತಿ", "ಬಾಗಿಲಾ ಹಾಕು" ಅಷ್ಟೇ. ನಾನು ಗಿಡವನ್ನು ಶಾಲೆಗೆ ಒಯ್ದು ಅಲ್ಲಿಯೇ ಇಟ್ಟೆ. ಮಕ್ಕಳು ಮುಗಿಬಿದ್ದು ನೋಡಿದರು, ಕುಣಿದರು. ಇಪ್ಪತ್ತು ವರ್ಷ ಕಾದ ದಿನ ಅದು. ನನಗೆ ಮಾತ್ರ ಅತ್ತೆ ವಾಟಿ ಕೆಳಗಿಟ್ಟ ಸದ್ದೇ ಕೇಳುತ್ತಿತ್ತು. "ನಮ್ಮವ್ವ ನಿನಗ ಕ್ಷಮಾ ಮಾಡ್ಯಾಳ, ತನಗs ಮಾಡಕೊಂಡಿಲ್ಲ" ಎಂದು ನಮ್ಮವರು ಹೇಳಿದರು. ಮಗ್ಗದ ಗಾಲಿ ಮರೆಯುವ ಮನುಷ್ಯನಾದರೂ ಕೆಲವು ಸಲ ಸರಿಯಾದ ಮಾತಾಡುತ್ತಾರೆ.

ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ಹಿರಿಯರು ಕಿರಿಯರೆನ್ನದೆ ಎಲ್ಲರೂ ಎಲ್ಲರಲ್ಲೂ ಕ್ಷಮೆ ಕೇಳುವುದು. ಬೆಳಿಗ್ಗೆ ಅತ್ತೆಯ ಕಾಲು ಮುಟ್ಟಿ ಕೇಳಿದೆ. ತಲೆಯ ಮೇಲೆ ಕೈಯಿಟ್ಟರು, ಅವರೂ ಕೈ ಜೋಡಿಸಿದರು, ಆದರೆ ಮುಖ ತಿಳಿಯಾಗಲಿಲ್ಲ. ನಾನು ಶಾಲೆಗೆ ಹೋದೆ. ಎರಡನೆಯ ತಾಸಿಗೆ ನೋಡಿದರೆ ನಮ್ಮವರ ಸ್ಕೂಟರಿನ ಹಿಂದೆ ಅತ್ತೆ ಬಂದು ಇಳಿಯುತ್ತಿದ್ದಾರೆ, ಕೈಯಲ್ಲಿ ಮಗ್ಗದ ನೂಲು ಸುತ್ತಿದ ಕೋನು!

"ಗಿಡ ಎಲ್ಲೈತಿ? ಅದಕ್ಕೂ ಕ್ಷಮಾ ಕೇಳಬೇಕು."

"ಅದಕ್ಕ ನೀವೇನ್ ಅನ್ಯಾಯ ಮಾಡೀರಿ ಅತ್ಯಾ?"

"ಎಂಟು ದಿನಾ ಮನಸಿನಾಗ ಅದನ್ನ ಕೊಲೆಗಾರ ಅಂದೇನಿ. ಪಾಪ, ಅದಕ್ಕೇನು ಗೊತ್ತವಾ? ಗೊತ್ತಿದ್ದವರು ನಾವು."

ಒಂಬತ್ತನೆಯ ತರಗತಿ ಕತ್ತು ಚಾಚಿ ನೋಡಿತು. ಅತ್ತೆ ಗಿಡದ ಮುಂದೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಕೋನಿನಿಂದ ನೂಲು ಹರಿದು ಹರಿದು ಒಂದೊಂದು ಹೂಜಿಯೊಳಗೂ ಒಂದೊಂದು ಎಳೆ ಇಳಿಬಿಟ್ಟು, ತುದಿಯನ್ನು ಹೊರಗೆ ದಂಟಿಗೆ ಕಟ್ಟಿದರು. "ಬಿದ್ದವಕ್ಕ ಹತ್ತಿ ಬರಾಕ ದಾರಿ ಇರಲಿ" ಎಂದರು. ಇಪ್ಪತ್ತು ವರ್ಷ ಈ ಗಿಡದ ಪಾಠ ಮಾಡಿದ ನನಗೆ ಈ ವಿಚಾರ ಹೊಳೆದಿರಲಿಲ್ಲ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಆಜೀ, ಮಗ ಝಾಡ ಉಪಾಶೀ ರಾಹೀಲ ನಾ?" ಗಿಡ ಹಾಗಾದರೆ ಉಪವಾಸ ಬೀಳುವುದಿಲ್ಲವೇ ಎಂದು ಅವಳ ಪ್ರಶ್ನೆ. ಅತ್ತೆ ನನ್ನ ಮುಖ ನೋಡಿದರು. ಊಟವನ್ನು ಅದು ಬಿಸಿಲಿನಿಂದಲೇ ಮಾಡಿಕೊಳ್ಳುತ್ತದೆ, ಕೀಟದಿಂದ ಬೇಕಾದದ್ದು ಸಾರಜನಕ ಮಾತ್ರ ಎಂದು ನಾನು ವಿವರಿಸಿದೆ.

"ಆ ಸಾರಜನಕ ಬ್ಯಾಳ್ಯಾಗ ಇರತೈತೋ ಇಲ್ಲೋ?"

"ಇರತೈತ್ರಿ."

"ಮತ್ತ ಮುಗೀತಲ್ಲ! ಬ್ಯಾಳಿ ನೀರು ಹಾಕೂಣು. ಎತ್ತು ಗಿಡಾನ. ಇಲ್ಲಿ ಆಯತವಾರ ಸಾಲಿ ಇಲ್ಲದಾಗ ಅದಕ್ಕ ಯಾರು ಹಾಕತಾರ?"

ಎಂಟು ದಿನದ ಮೇಲೆ ಅತ್ತೆ ಅಂದು ನಕ್ಕರು. ಹೋಗುವಾಗ ಗಿಡ ಸ್ಕೂಟರಿನಲ್ಲಿ ಅವರ ತೊಡೆಯ ಮೇಲಿತ್ತು, ಏಳು ನೂಲಿನ ಎಳೆಗಳು ಗಾಳಿಗೆ ಹಾರುತ್ತಿದ್ದವು. ಮಕ್ಕಳು ಗೇಟಿನವರೆಗೂ ಓಡಿ ಕೈ ಬೀಸಿದರು.

ಈಗ ಗಿಡ ಇರುವುದು ಅಡಿಗೆಮನೆಯ ಕಿಟಕಿಯಲ್ಲಿ. ಅದಕ್ಕೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟದ ಬೇಳೆಕಟ್ಟು, ಆ ಮೂರನೆಯ ಬಟ್ಟೆಯಲ್ಲಿ ಸೋಸಿ, ಹೂಜಿಗೆ ಎರಡೇ ಹನಿ, ಹೊತ್ತು ಮುಳುಗುವ ಮೊದಲು. ಮೊದಮೊದಲು ಪ್ರೀತಿ ಹೆಚ್ಚಾಗಿ ಒಂದು ಚಮಚ ಹಾಕಿದಾಗ ಒಂದು ಹೂಜಿ ಕೊಳೆತು ಕಪ್ಪಾಯಿತು. ಅಂದಿನಿಂದ ಅತ್ತೆ ಹನಿ ಎಣಿಸುತ್ತಾರೆ. ಗಿಡ ಹೊಸ ಹೂಜಿ ಬಿಡುತ್ತಲೇ ಇದೆ. ದರ್ಶನಕ್ಕೆ ಬರುವವರಿಗೆ ಅತ್ತೆಯೇ ಅದರ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ. ನೂಲನ್ನು ತೋರಿಸುವಾಗ ಅವರ ದನಿ ಸ್ವಲ್ಪ ಏರುತ್ತದೆ.

ಕ್ಷಮಾವಣಿಯಾಗಿ ಎರಡು ವಾರದ ಮೇಲೆ ಒಂದು ಸಂಜೆ, ಹೊರಗೆ ಕಬ್ಬಿನ ಹೊಲದ ಮೇಲೆ ಬಿಸಿಲು ಇನ್ನೂ ಉಳಿದಿತ್ತು. ಅತ್ತೆ ಹನಿ ಹಾಕುತ್ತಿದ್ದರು. ನಾನು ಹೂಜಿಯೊಳಗೆ ಇಣುಕಿದೆ. ಬಾಯಿಗೆ ಬಂದ ಮಾತನ್ನು ಒಮ್ಮೆ ನುಂಗಿದೆ, ಆಮೇಲೆ ಹೇಳಿಯೇಬಿಟ್ಟೆ.

"ಅತ್ಯಾ, ದಾರ ಹಿಡಕೊಂಡು ಎಲ್ಲಾ ಇರುವಿ ಹತ್ತಿ ಬರೂದಿಲ್ರಿ. ಇವತ್ತೂ ಒಂದು ಒಳಗ ಸತ್ತೈತಿ."

ಅತ್ತೆಯ ಕೈ ನಿಂತಿತು. "ನನಗ ಕಾಣತಿರಲಿಲ್ಲ. ನೀ ಸುಮ್ನಿರಬಹುದಿತ್ತು."

"ಹೌದ್ರಿ."

"ಹೇಳಿದಿ, ಛಲೋ ಆತು. ಮುಂದಿನ ಕ್ಷಮಾವಣಿಗೆ ಅದರ ಹೆಸರಿಲೆನೂ ಕೇಳೂಣು." ಅವರ ಮುಖ ತಿಳಿಯಾಗಿತ್ತು. ಇನ್ನೊಂದು ಹನಿ ಬಿಟ್ಟು, ನನ್ನತ್ತ ನೋಡದೆಯೇ ಕೇಳಿದರು, "ಮತ್ತೇನರೆ ಹೇಳೂದು ಉಳದೈತೇನು?"

ಆ ಘಳಿಗೆಯಲ್ಲಿ ನನಗೇನಾಯಿತೋ, ಬುಧವಾರದ ಬಟಾಟೆ ವಡೆಯನ್ನು ಚಟ್ನಿ ಸಮೇತ ಒಪ್ಪಿಕೊಂಡುಬಿಟ್ಟೆ.

"ಅದು ನನಗ ಗೊತ್ತೈತಿ" ಎಂದರು ಅತ್ತೆ. "ಕಣ್ಣು ಮಂದ ಆಗ್ಯಾವು, ಮೂಗಲ್ಲ."

"ಮತ್ತ ಇಷ್ಟು ದಿನಾ ಯಾಕ ಕೇಳಲಿಲ್ರಿ?"

"ನೀನs ಹೇಳಲಿ ಅಂತ ಕಾಯಾಕತ್ತಿದ್ನಿ. ಹೊತ್ತು ಮುಳುಗಾಕತ್ತೈತಿ, ಆ ಕಡೀ ಕಮಂಡಲಕ್ಕ ನೀ ಹಾಕು" ಎಂದು ಚಮಚವನ್ನು ನನ್ನ ಕೈಗೆ ಕೊಟ್ಟರು.